ಮಸ್ಕತ್ತಿನ ಕೆಲಸ ಇಲ್ಲವೆಂದು ಹೇಳಲು ಹೋದದ್ದು

ಚಿತ್ರದುರ್ಗದಲ್ಲಿ ಬಸ್ಸಿಳಿದಾಗ ಆಷಾಢದ ಗಾಳಿ ಜೋರಾಗಿತ್ತು. ಸೆರಗು ನಿಲ್ಲುತ್ತಿರಲಿಲ್ಲ, ಕಣ್ಣಿಗೆಲ್ಲ ಧೂಳು. ನಾನು ಮಸ್ಕತ್ತಿನ ಒಂದು ವಿದ್ಯುತ್ ಕಂಪನಿಯಲ್ಲಿ ನೇಮಕಾತಿ ನೋಡಿಕೊಳ್ಳುವವಳು. ಊರು ತುಮಕೂರು, ಆದರೆ ಮದುವೆಯಾದಾಗಿನಿಂದ ಇರುವುದೆಲ್ಲ ಅಲ್ಲೇ. ಮರುಭೂಮಿಯಲ್ಲಿ ಗಾಳಿಯಂತ್ರ ನಿಲ್ಲಿಸುವ ನಮ್ಮ ಯೋಜನೆಗೆ, ಕಂಬದ ತುದಿಗೆ ಹತ್ತಿ ರಿಪೇರಿ ಮಾಡಬಲ್ಲವರು ಬೇಕಾಗಿದ್ದರು. ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ ತಿರುಗುವ ಈ ಜಿಲ್ಲೆಯಿಂದ ಇಬ್ಬರನ್ನು ವಿಡಿಯೊ ಸಂದರ್ಶನದಲ್ಲಿ ಆರಿಸಿದ್ದೆ. ಒಬ್ಬ ಹಿರಿಯೂರಿನ ರುದ್ರೇಶ, ಇನ್ನೊಬ್ಬ ಹೊಸದುರ್ಗ ತಾಲ್ಲೂಕು ಮತ್ತೋಡಿನ ತಿಪ್ಪೇಸ್ವಾಮಿ. ರಜೆಗೆಂದು ಬಂದಿದ್ದವಳು, ಇಬ್ಬರನ್ನೂ ಮುಖತಃ ಕಂಡು ಪ್ರಯಾಣದ ವಿವರ ಹೇಳಿ ಬರೋಣವೆಂದು ಹೊರಟಿದ್ದೆ.

ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಖಾಲಿ ದೋಸೆ ಬರುವಷ್ಟರಲ್ಲಿ ಮಸ್ಕತ್ತಿನಿಂದ ನಮ್ಮ ಮೇಲಧಿಕಾರಿಯ ಫೋನು ಬಂತು. ಯೋಜನೆ ಕೈಬಿಟ್ಟಿದ್ದಾರೆ, ಹೊಸಬರು ಯಾರೂ ಬೇಡ, ಇಬ್ಬರಿಗೂ ಇ-ಮೇಲ್ ಕಳಿಸಿದರೆ ಸಾಕು ಎಂದರು. ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲೆಯೇ ವೀಸಾ ಎಂಬುದು ನಮ್ಮ ಕಂಪನಿಯ ನಿಯಮ. ಇಬ್ಬರೂ ಕೊಟ್ಟಾಗಿತ್ತು. ಅದನ್ನು ನೆನಪಿಸಿದೆ. ಅವರು ವಿಷಾದ ಸೂಚಿಸಿ ಫೋನಿಟ್ಟರು. ದೋಸೆ ತಿನ್ನಲಾಗಲಿಲ್ಲ. ಇ-ಮೇಲನ್ನೂ ಕಳಿಸಲಾಗಲಿಲ್ಲ. ಹಿರಿಯೂರಿನ ಬಸ್ಸು ಹತ್ತಿದೆ. ಕಂಡಕ್ಟರ್ ಆಧಾರ್ ನೋಡಿ ಉಚಿತ ಟಿಕೆಟ್ ಹರಿದುಕೊಟ್ಟ. ಹೆದ್ದಾರಿಯಲ್ಲಿ ಒಂದು ಗಂಟೆಯೂ ಹಿಡಿಯಲಿಲ್ಲ. ಇನ್ನಷ್ಟು ದೂರವಿರಬಾರದಿತ್ತೇ ಅನ್ನಿಸಿತು.

ರುದ್ರೇಶ ನಿಲ್ದಾಣಕ್ಕೇ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಹೊಸ ಚಪ್ಪಲಿ. ಟೀ ಅಂಗಡಿಯ ಬೆಂಚಿನ ಧೂಳನ್ನು ಕೈಯಿಂದ ಒರೆಸಿ, "ಕುಂತ್ಕಳ್ರಿ ಮೇಡಂ," ಎಂದ. ನಾನು ಬಾಯಿ ಬಿಡುವ ಮೊದಲೇ, "ಶ್ರಾವಣದಾಗೆ ನನ್ ನಿಶ್ಚಿತಾರ್ಥ ಐತೆ. ನೀವು ಇರಂಗಿದ್ರೆ ಬರ್ಲೇಬೇಕು," ಎಂದ.

ಸುತ್ತಿಬಳಸದೆ ಹೇಳಿಬಿಟ್ಟೆ. ಅವನು ನಕ್ಕ, ತಮಾಷೆ ಅಂದುಕೊಂಡಿದ್ದನೇನೋ. ಆಮೇಲೆ ನಗು ನಿಂತಿತು.

"ಬೇರೆ ಯಾರನ್ನಾದ್ರೂ ತಗಂಡ್ರಾ? ನಿಜ ಹೇಳ್ರಿ."

"ಯಾರನ್ನೂ ತಗೊಂಡಿಲ್ಲ ರುದ್ರೇಶ್. ಯೋಜನೆಯೇ ಇಲ್ಲ."

"ಹಂಗಾದ್ರೆ ಇದನ್ನ ನಮ್ ಮಾವನ ಮನಿಗೆ ಬಂದು ನೀವೇ ಹೇಳ್ರಿ. ನಾ ಹೇಳಿದ್ರೆ ನಂಬಲ್ಲ. ಏನೋ ಮಾಡ್ಕಂಡು ಕೆಲ್ಸ ಕಳಕಂಡಾನೆ ಅಂತಾರೆ."

"ಬರ್ತೀನಿ, ನಡೀರಿ," ಎಂದು ಎದ್ದೆ. ಅವನು ಎರಡು ಹೆಜ್ಜೆ ನಡೆದು ನಿಂತುಬಿಟ್ಟ. "ಬ್ಯಾಡ ಬಿಡ್ರಿ," ಎಂದವನು ಹಿಂತಿರುಗಿ ನೋಡದೆ ಮಾರುಕಟ್ಟೆಯ ಕಡೆ ಹೊರಟುಹೋದ. ಬೆಂಚಿನ ಮೇಲೆ ಅವನು ಬಿಟ್ಟುಹೋದ ಟೀ ಕೆನೆ ಕಟ್ಟುತ್ತಿತ್ತು.

ಮಧ್ಯಾಹ್ನ ಖಾಸಗಿ ಬಸ್ಸು ಹಿಡಿದು, ಒಂದು ಕಡೆ ಇಳಿದು ಆಟೊ ಮಾಡಿಕೊಂಡು ಮತ್ತೋಡು ತಲುಪಿದೆ. ದಾರಿಯುದ್ದಕ್ಕೂ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಬಿರುಸಾಗಿ ತಿರುಗುತ್ತಿದ್ದವು. ಆ ಗಾಳಿಯನ್ನೇ ಬೈಯಬೇಕೆನಿಸಿತು.

ತಿಪ್ಪೇಸ್ವಾಮಿಯವರದು ಕುರಿ ಸಾಕುವ ಮನೆತನ. ಹಟ್ಟಿಯ ಪಕ್ಕದ ಹೆಂಚಿನ ಮನೆಯ ಜಗಲಿಯಲ್ಲಿ ಅವನ ತಾಯಿ ಗೌರಮ್ಮ ಕಂಬಳಿ ಹಾಸಿ ಕೂರಿಸಿದರು. ವಿಷಯ ಹೇಳಿದೆ. ತಿಪ್ಪೇಸ್ವಾಮಿ ತಲೆ ತಗ್ಗಿಸಿ ನೆಲ ನೋಡತೊಡಗಿದ. ಗೌರಮ್ಮನೇ ನನಗೆ ಸಮಾಧಾನ ಹೇಳಿದರು.

"ಹೋದ್ರೆ ಹೋಗ್ಲಿ ಬಿಡು ಮಗಳೇ. ಗಾಳಿ ಫ್ಯಾನು ಇಲ್ಲಿ ಗುಡ್ಡದಾಗೂ ಅವೆ. ನಾಳೆಯಿಂದ ಮದ್ಲಿನಂಗೆ ಹೋಗ್ತಾನೆ. ಏಳು, ಮುದ್ದೆ ಉಣ್ಣು."

ತಿಪ್ಪೇಸ್ವಾಮಿ ನನ್ನ ಮುಖ ನೋಡಿದ. ರಾಜೀನಾಮೆಯ ಸಂಗತಿಯನ್ನು ಅವನು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಬಿಸಿ ಮುದ್ದೆ, ಹುರುಳಿ ಸಾರು. ಆ ತಾಯಿ ಬಡಿಸುತ್ತಲೇ ಇದ್ದರು. ನಾವಿಬ್ಬರೂ ತಟ್ಟೆ ನೋಡುತ್ತ ನುಂಗುತ್ತಿದ್ದೆವು.

ಹೊರಗೆ ಬಂದಾಗ ಅವನು ತಗ್ಗಿದ ದನಿಯಲ್ಲಿ ಕೇಳಿದ: "ಹೊಳಲ್ಕೆರೆ ಹತ್ರ ನಮ್ ಹಳೇ ಕಂಪನಿ ಆಫೀಸೈತೆ. ನೀವು ಒಂದ್ ಮಾತು ಹೇಳಿದ್ರೆ ವಾಪಸ್ ತಗಂತಾರೇನೋ. ನಾಳೆ ಹೋಗಾಣ?"

ಆ ರಾತ್ರಿ ಹೊಸದುರ್ಗದ ಲಾಡ್ಜಿನಲ್ಲಿ ತಂಗಿ, ಬೆಳಿಗ್ಗೆ ಅವನ ಜೊತೆ ಹೊಳಲ್ಕೆರೆಗೆ ಹೋದೆ. ಆಫೀಸಿನಲ್ಲಿ ನೇಮಕಾತಿ ನೋಡುವ ಯುವಕ ನನ್ನ ಕೆಲಸದ ಬಗ್ಗೆ ತಿಳಿದು ಗೌರವದಿಂದ ಕುರ್ಚಿ ಕೊಟ್ಟ. ತಿಪ್ಪೇಸ್ವಾಮಿ ನಿಂತೇ ಇದ್ದ. ತಪ್ಪು ನಮ್ಮ ಕಂಪನಿಯದು, ಇವನದಲ್ಲ, ಬೇಕಾದರೆ ಬರೆದುಕೊಡುತ್ತೇನೆ ಎಂದೆ. ಯುವಕ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡ.

"ಅವರ ಜಾಗಕ್ಕೆ ಬೇರೆಯವರು ಬಂದಾಯ್ತು ಮೇಡಂ. ಬಿಟ್ಟು ಹೋದವರನ್ನ ಮತ್ತೆ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ. ಅವಕಾಶ ಬಂದ್ರೆ ಖಂಡಿತ ತಿಳಿಸ್ತೀವಿ."

ಅವಕಾಶ ಬಂದರೆ ತಿಳಿಸುತ್ತೇವೆ ಎಂಬ ಮಾತಿನ ಅರ್ಥ ನಮ್ಮ ವೃತ್ತಿಯವರಿಗೆಲ್ಲ ಗೊತ್ತು. ತಿಪ್ಪೇಸ್ವಾಮಿಗೆ ಗೊತ್ತಿರಲಿಲ್ಲ. ಅವನು ಕೈ ಮುಗಿದು, "ನನ್ ನಂಬರ್ ಅದೇ ಐತೆ ಸಾರ್," ಎಂದ.

ಬಸ್ ನಿಲ್ದಾಣಕ್ಕೆ ನಡೆಯುವಾಗ, "ತಿಳಿಸ್ತೀವಿ ಅಂದ್ರಲ್ಲ ಮೇಡಂ, ಎಷ್ಟು ದಿನ ಆಗಬೋದು?" ಎಂದು ಕೇಳಿದ.

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಅವರು ಕರೆಯೋದಿಲ್ಲ ತಿಪ್ಪೇಸ್ವಾಮಿ. ಬೇರೆ ಕಡೆ ಹುಡುಕಿ," ಎಂದೆ.

ಅಷ್ಟರಲ್ಲಿ ಚಿತ್ರದುರ್ಗದ ಬಸ್ಸು ಬಂತು, ಜನ ಬಾಗಿಲಿಗೆ ಮುಗಿಬಿದ್ದರು. ತಿಪ್ಪೇಸ್ವಾಮಿ ಓಡಿಹೋಗಿ, ಹೆಗಲ ಮೇಲಿನ ಟವೆಲನ್ನು ಕಿಟಕಿಯಿಂದ ಒಳಗೆಸೆದು ನನಗೊಂದು ಸೀಟು ಹಿಡಿದ. "ಹತ್ರಿ ಮೇಡಂ, ನಿಂತ್ಕಂಡು ಹೋಗಕಾಗಲ್ಲ," ಎಂದು ಕೂಗಿದ.

ನೂಕುನುಗ್ಗಲಿನಲ್ಲಿ ಹತ್ತಿ ಸೀಟು ಸೇರುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ಟವೆಲು ಕೊಡಲೆಂದು ಕಿಟಕಿಯಿಂದ ಕೈ ಚಾಚಿದೆ. ಅವನು ಆಗಲೇ ಬೆನ್ನು ತಿರುಗಿಸಿದ್ದ. ಹೊಸದುರ್ಗದ ಬಸ್ಸು ಎದುರಿಗೇ ನಿಂತಿತ್ತು, ಅದನ್ನು ಹತ್ತಲಿಲ್ಲ. ಊರಿಗೆ ಹೋಗಿ ತಾಯಿಗೆ ಏನು ಹೇಳಬೇಕೋ ತಿಳಿಯದವನ ಹಾಗೆ, ನಿಲ್ದಾಣದ ನಡುವೆ ಸುಮ್ಮನೆ ನಿಂತಿದ್ದ.