ಸೆಂಡ್ ಆಫ್ ದಿನದ ಕೇಕು

ನಮ್ಮ ಎಸ್.ಎಸ್.ಎಲ್.ಸಿ. ಕ್ಲಾಸಿನಲ್ಲಿ ಹುಡುಗಿಯರು ಇಬ್ಬರೇ. ಗೋಡೆ ಪಕ್ಕದ ಬೆಂಚು ನಮ್ಮದು. ಒಬ್ಬಳು ನಾನು, ನಾಲೆ ಇಂಜಿನಿಯರ ಮಗಳು. ಇನ್ನೊಬ್ಬಳು ಊರಿನ ಪುರೋಹಿತರ ತಂಗಿಯ ಮಗಳು. ಯುದ್ಧದ ಕಾಲದಲ್ಲಿ ತಂದೆಗೆ ಮಂಡ್ಯಕ್ಕೆ ವರ್ಗವಾಯಿತು. ಬೆಂಗಳೂರಿನ ಕಾನ್ವೆಂಟು ಬಿಡಿಸಿ, ಒಂದು ವರ್ಷ ತಾನೇ, ಇಲ್ಲೇ ಓದಲಿ ಎಂದರು. ಸಾಕ್ಸು, ಶೂ, ರಿಬ್ಬನ್ನು ಸಮೇತ ನಾನು ಕ್ಲಾಸಿಗೆ ಕಾಲಿಟ್ಟ ದಿನವೇ ಹುಡುಗರು ನನಗೆ ದೊರೆಸಾನಮ್ಮ ಎಂದು ಹೆಸರಿಟ್ಟರು. ನಾನದನ್ನು ಕಾಂಪ್ಲಿಮೆಂಟ್ ಅಂದುಕೊಂಡೆ.

ನನ್ನ ಗೆಳತಿಗೆ ತಾಯಿ ಇರಲಿಲ್ಲ. ಸೋದರಮಾವನ ಮನೆಯಲ್ಲಿ ಬೆಳೆದವಳು. ಬೆಳಗಿನ ನೀರು ನಿಡಿ, ಅತ್ತೆಯ ಕೂಸಿನ ಆರೈಕೆ ಎಲ್ಲ ಮುಗಿಸಿ, ಒದ್ದೆ ಜಡೆಯಲ್ಲೇ ಸ್ಕೂಲಿಗೆ ಓಡಿ ಬರುತ್ತಿದ್ದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಕ್ಲಾಸಿನಲ್ಲಿ ಇರಲಿಲ್ಲ. ಪಾಸಾದರೆ ಟ್ರೈನಿಂಗಿಗೆ ಸೇರಿ ಸ್ಕೂಲ್ ಮೇಡಂ ಆಗಬೇಕು ಎನ್ನುವುದೊಂದೇ ಅವಳ ಆಸೆ.

"ನನ್ನ ಅನ್ನ ನಾನೇ ದುಡಿದು ತಿನ್ನಬೇಕು ಕಣೇ," ಎನ್ನುತ್ತಿದ್ದಳು. "ಆದರೆ ಮಾವ ಒಂದು ಮಾತು ಹೇಳಿಬಿಟ್ಟಿದಾರೆ. ಪರೀಕ್ಷೆಗೆ ಮುಂಚೆ ಊರ ಬಾಯಲ್ಲಿ ನನ್ನ ಹೆಸರು ಒಂದು ಸಲ ಬಂದರೂ ಸಾಕು, ಅವತ್ತಿಗೆ ಸ್ಕೂಲು ಮುಗೀತು."

ಹುಡುಗರಲ್ಲಿ ಮೂವರನ್ನು ಈಗಲೂ ಕಣ್ಣಮುಂದೆ ನಿಲ್ಲಿಸಿಕೊಳ್ಳಬಲ್ಲೆ. ಮದ್ದೂರಿನಿಂದ ರೈಲಿನಲ್ಲಿ ಬರುವವನೊಬ್ಬ; ದಿನಾ ಲೇಟು, ದಿನಾ ತಪ್ಪು ಇಂಜಿನ್ನಿನದು. ಪೂರಿಗಾಲಿಯ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದವನೊಬ್ಬ. ಹಿಂದಿನ ಬೆಂಚಿನಲ್ಲಿ ಕೂತು ಹೆಡ್‌ಮಾಸ್ಟರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದ. ಮೂರನೆಯವನು ಹೊಳಲಿನವನು. ನಡೆದೇ ಬರುತ್ತಿದ್ದ. ಕಬ್ಬಿನ ಗದ್ದೆಯ ಕೆಸರು ಕಣಕಾಲಿನ ಮೇಲೆ ಒಣಗಿರುತ್ತಿತ್ತು. ಅವರ ಇಂಗ್ಲಿಷ್ ಪ್ರೊನನ್ಸಿಯೇಷನ್ ತಿದ್ದುವ ಕೆಲಸ ನಾನಾಗಿಯೇ ವಹಿಸಿಕೊಂಡಿದ್ದೆ. ಅವರು ತಾಳ್ಮೆಯಿಂದ ತಿದ್ದಿಸಿಕೊಳ್ಳುತ್ತಿದ್ದರು, ನಾನು ಆಚೆ ಹೋದ ಮೇಲೆ ನಗುತ್ತಿದ್ದರು.

ಪರೀಕ್ಷೆಗೆ ಮುಂಚೆ ಸೆಂಡ್ ಆಫ್. ಪ್ರತಿಯೊಬ್ಬರೂ ಮನೆಯಿಂದ ಏನಾದರೊಂದು ತರಬೇಕು, ಹೆಡ್‌ಮಾಸ್ಟರು ಹಾಜರಿ ಕರೆದಂತೆ ಹೆಸರು ಕರೆಯುತ್ತಾರೆ, ಎದ್ದು ನಿಂತು ತಂದದ್ದನ್ನು ಹೇಳಬೇಕು. ಇದು ಆ ಸ್ಕೂಲಿನ ಪದ್ಧತಿ. ನಾನು ಕೇಕ್ ಮಾಡುತ್ತೇನೆಂದು ಎಲ್ಲರಿಗಿಂತ ಮೊದಲೇ ಸಾರಿಬಿಟ್ಟೆ.

ಇಲ್ಲಿ ನಮ್ಮ ಮನೆಯ ವಿಷಯ ಹೇಳಬೇಕು. ನಾವೂ ಬ್ರಾಹ್ಮಣರೇ. ನಮ್ಮ ಅಡಿಗೆಮನೆಗೆ ಈರುಳ್ಳಿ ಕೂಡ ಬರುತ್ತಿರಲಿಲ್ಲ. ಆದರೆ ತಂದೆಗೆ ಡಾಕ್ಟರು ಮೊಟ್ಟೆ ತಿನ್ನಲು ಹೇಳಿದ್ದರು. ಔಟ್‌ಹೌಸಿನಲ್ಲಿ ಜವಾನ ಬೇಯಿಸಿ, ಬಟ್ಟೆ ಮುಚ್ಚಿ ತಂದುಕೊಡುತ್ತಿದ್ದ. ಬಟ್ಟೆಯ ಕೆಳಗೆ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಬೆಂಗಳೂರಿನ ಬೇಕರಿಯಿಂದ ಬರುವ ಕೇಕನ್ನು ಅಮ್ಮನೂ ತಿನ್ನುತ್ತಿದ್ದರು, ಹಾಗೆಯೇ ಏನೂ ಕೇಳದೆ. ನಮ್ಮಲ್ಲಿ ಕೇಕು ಎಂಬುದು ಮಡಿಗೂ ಸೇರದ, ಮೈಲಿಗೆಗೂ ಸೇರದ ಪದಾರ್ಥ. ಮೊಟ್ಟೆ ಬೇರೆ, ಕೇಕು ಬೇರೆ. ಕಾನ್ವೆಂಟಿನ ಸಿಸ್ಟರ್ ಕಲಿಸಿಕೊಟ್ಟಂತೆ ಕೈಯಾರೆ ಮೊಟ್ಟೆ ಒಡೆದು ಕಲಸುವಾಗಲೂ ನನಗೆ ಹೊಳೆಯಲಿಲ್ಲ. ಈಗ ಹೇಳಿದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ಬಟ್ ದಟ್ ಈಸ್ ದ ಟ್ರೂತ್.

ಮೊಟ್ಟೆ ತಂದುಕೊಟ್ಟವನು ಹೊಳಲಿನವನು. ಕುಕ್ಕೆಯಲ್ಲಿ ಹೊಟ್ಟು ಹಾಸಿ, ಒಂದೂ ಒಡೆಯದಂತೆ ಔಟ್‌ಹೌಸಿನ ಬಾಗಿಲಿಗೆ ತಂದಿಟ್ಟ. ದುಡ್ಡು ಕೊಡಹೋದರೆ ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ ಕಣಮ್ಮ. ಈಸ್ಕಂಡ್ರೆ ನಮ್ಮವ್ವ ಬಯ್ತದೆ."

ದೊಡ್ಡ ಪಾತ್ರೆಯಲ್ಲಿ ಮರಳು ಹಾಕಿ, ಮುಚ್ಚಳದ ಮೇಲೆ ಕೆಂಡ ಹರಡಿ, ಔಟ್‌ಹೌಸಿನ ಒಲೆಯಲ್ಲೇ ಬೇಯಿಸಿದೆ. ಚೆನ್ನಾಗಿ ಉಬ್ಬಿ ಬಂತು. ಐ ವಾಸ್ ಸೋ ಪ್ರೌಡ್.

ಸೆಂಡ್ ಆಫ್ ದಿನ ಮೇಜಿನ ಮೇಲೆ ಹುರಿಗಾಳು, ಬೆಲ್ಲದಚ್ಚು, ಮದ್ದೂರಿನವನು ತಂದ ವಡೆ, ಬಾಳೆಗೊನೆ. ನಟ್ಟನಡುವೆ ನನ್ನ ಕೇಕು. ಹೆಡ್‌ಮಾಸ್ಟರಿಗೆ ಸಿಹಿ ಎಂದರೆ ಪ್ರಾಣ. ಪೇಟ ಸರಿಮಾಡಿಕೊಂಡು, "ಇದು ಯಾರ ಕೈ ಅಡಿಗೆ?" ಎಂದು ಕೇಳಿದರು. ಇಂಜಿನಿಯರ ಮಗಳದು ಎಂದು ಯಾರೋ ಹೇಳಿದ ಮೇಲೆ, "ಓಹೋ, ನಮ್ಮ ಹುಡುಗಿ," ಎಂದು ಧೈರ್ಯವಾಗಿ ಬಾಯಿಗಿಟ್ಟರು. ಎರಡನೆಯ ತುಂಡನ್ನು ತಾವೇ ಕೈಚಾಚಿ ತೆಗೆದುಕೊಂಡರು. ಗೆಳತಿ ಅರ್ಧ ತಿಂದು, ಉಳಿದರ್ಧ ಅತ್ತೆಯ ಕೂಸಿಗೆಂದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು.

ಆಮೇಲೆ ಹೆಸರು ಕರೆಯಲು ಶುರುಮಾಡಿದರು. ಒಬ್ಬ ಬೆಲ್ಲ, ಒಬ್ಬ ಬಾಳೆಹಣ್ಣು. ಹೊಳಲಿನವನ ಸರದಿ ಬಂತು. ಅವನು ಎದ್ದು ಸುಮ್ಮನೆ ನಿಂತ.

"ಬರಿಗೈಲಿ ಬಂದವ್ನೆ ಸಾ," ಎಂದ ಮದ್ದೂರಿನವನು. "ತಿನ್ನಕೆ ಮಾತ್ರ ಎರಡು ಕೈ ತಂದವ್ನೆ."

ಎಲ್ಲರೂ ನಕ್ಕರು. ಹೊಳಲಿನವನ ಕಿವಿ ಕೆಂಪಾಯಿತು.

"ಸುಮ್ಕಿರ್ಲಾ. ಸಾ, ನಾನೇನು ಬರಿಗೈಲಿ ಬಂದಿಲ್ಲ. ಈಗ ನೀವೆಲ್ಲ ತಿಂದ್ರಲ್ಲ ಕೇಕು, ಅದ್ಕೆ ಬಿದ್ದಿರೋ ಮೊಟ್ಟೆ ಅಷ್ಟೂ ನಮ್ಮವ್ವನ್ ಕೋಳೀವು. ಬೇಕಾದ್ರೆ ದೊರೆಸಾನಮ್ಮನ್ನೇ ಕೇಳಿ."

ನಗು ನಿಂತಿತು. ಹೆಡ್‌ಮಾಸ್ಟರು ಕೈಯಲ್ಲಿದ್ದ ತುಂಡನ್ನು ನಿಧಾನವಾಗಿ ತಟ್ಟೆಗಿಟ್ಟು ನನ್ನ ಕಡೆ ನೋಡಿದರು.

"ಈಸ್ ಇಟ್ ಸೋ?"

ಕೇಳಿದ ಪ್ರಶ್ನೆಗೆ ಎದ್ದು ನಿಂತು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಬೇಕೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಎದ್ದು ನಿಂತೆ. "ಎಸ್ ಸರ್. ಇಟ್ ಮೇಕ್ಸ್ ದ ಕೇಕ್ ಸಾಫ್ಟ್, ಸರ್."

ಆ ವಾಕ್ಯ ನೆನಪಾದರೆ ಈ ವಯಸ್ಸಿನಲ್ಲೂ ಕತ್ತಿನವರೆಗೆ ಬಿಸಿಯೇರುತ್ತದೆ.

ಹಿಂದಿನ ಬೆಂಚಿನಿಂದ ಪೂರಿಗಾಲಿಯವನು, "ಮೊಟ್ಟೆ ತಿಂದ್ರೆ ಏನಾಯ್ತದ್ಲಾ? ಒಟ್ಟೇಲಿ ಕೂಗ್ತದಾ?" ಎಂದ. ಯಾರೂ ನಗಲಿಲ್ಲ. ಹೆಡ್‌ಮಾಸ್ಟರು ಬಾಯಿ ತೊಳೆಯಲು ಎದ್ದು ಹೋದರು. ನನ್ನ ಗೆಳತಿ ಸೆರಗಿನ ಗಂಟು ಬಿಚ್ಚಿ, ಕೇಕಿನ ಚೂರನ್ನು ನನ್ನ ಮುಂದೆ ಬೆಂಚಿನ ಮೇಲಿಟ್ಟಳು. ಎದ್ದು ಮನೆಗೆ ಹೋದಳು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ತಂದೆ ನಕ್ಕು, "ಸಿಲ್ಲಿ ಪೀಪಲ್" ಎಂದು ಪೇಪರಿನೊಳಗೆ ಮುಖ ಹುದುಗಿಸಿದರು. ಅಮ್ಮ ನಗಲಿಲ್ಲ. "ತಿಂದಿದ್ದಕ್ಕಲ್ಲ ಕಣೇ, ಆಡಿದ್ದಕ್ಕೆ ಮಾನ ಹೋಯ್ತು," ಎಂದರು. ಮಾರನೆಯ ದಿನ ಗೋಡೆ ಪಕ್ಕದ ಬೆಂಚಿನಲ್ಲಿ ನಾನೊಬ್ಬಳೇ. ಅದರ ಮಾರನೆಯ ದಿನವೂ ಅಷ್ಟೇ. ಊರ ಬಾಯಲ್ಲಿ ಹೆಸರು ಬಂದಾಗಿತ್ತು. ಮಾವ ಮಾತಿಗೆ ತಪ್ಪುವವರಲ್ಲ. ಹೆಡ್‌ಮಾಸ್ಟರು ಮಾತ್ರ ಅದೇ ಪುರೋಹಿತರ ಮನೆಗೆ ಹೋಗಿ, ಪಂಚಗವ್ಯ ತೆಗೆದುಕೊಂಡು, ಜನಿವಾರ ಬದಲಾಯಿಸಿ, ಬೆಲ್ಲು ಹೊಡೆಯುವ ಹೊತ್ತಿಗೆ ಸ್ಕೂಲಿನಲ್ಲಿದ್ದರು.

ಅವರ ರೂಮಿಗೆ ಹೋಗಿ ಮಾತೆತ್ತಿದವನು ಹೊಳಲಿನವನು. ನಾನಲ್ಲ. "ನಾನ್ ಬಾಯ್ ಬುಟ್ಟಿದ್ಕೆ ಆ ತಾಯಿ ಓದು ನಿಂತೋಯ್ತು ಸಾ. ನಾನೇ ಓಗಿ ಕೇಳ್ತೀನಿ, ನೀವೂ ಬನ್ನಿ," ಎಂದನಂತೆ. ಹೆಡ್‌ಮಾಸ್ಟರು ನನಗೂ ಹೇಳಿ ಕಳಿಸಿದರು. ಮೂವರೂ ಹೋದೆವು.

ಪುರೋಹಿತರು ಜಗಲಿಯ ಮೇಲೆ ಕೂತಿದ್ದರು. ಹೊಳಲಿನವನು ಬೀದಿಯಲ್ಲೇ ನಿಂತು ಕೈಮುಗಿದ.

"ಐನೋರೆ, ಮೊಟ್ಟೆ ಕೊಟ್ಟೋನು ನಾನು. ಆಯಮ್ಮಂಗೆ ಗೊತ್ತಿರ್ನಿಲ್ಲ."

"ನಿಂದೇನೋ ತಪ್ಪು? ಅದು ನಿಮ್ಮ ಮನೆ ಊಟ," ಎಂದು ಪುರೋಹಿತರು ನನ್ನ ಕಡೆ ತಿರುಗಿದರು.

ದಾರಿಯುದ್ದಕ್ಕೂ ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಎಲ್ಲ ಇಂಗ್ಲಿಷಿನಲ್ಲಿ. ಬಾಯಿಗೆ ಬಂದದ್ದು "ಐ ಯಾಮ್ ವೆರಿ ಸಾರಿ" ಅಷ್ಟೇ.

ಒಳಗಿನಿಂದ ಅತ್ತೆಯ ದನಿ: "ಏನಂತೆ ಅದು?"

ಬಾಗಿಲ ಹಿಂದಿನಿಂದ ನನ್ನ ಗೆಳತಿ ಹೇಳಿದಳು. "ತಪ್ಪಾಯ್ತು ಅಂತಿದಾಳೆ ಅತ್ತೆ."

ನನ್ನ ತಪ್ಪಿಗೆ ಬೇಕಾದ ಮಾತನ್ನೂ ಅವಳೇ ಆಡಬೇಕಾಯಿತು.

ಹೆಡ್‌ಮಾಸ್ಟರು ಪೇಟ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಅವರ ಬೋಳುತಲೆಯನ್ನು ನಾನು ನೋಡಿದ್ದು ಅದೇ ಮೊದಲು. "ನಾನು ತಿಂದದ್ದು ಒಂದೂವರೆ ತುಂಡು, ಅವಳು ತಿಂದದ್ದು ಅರ್ಧ. ನನಗೆ ಒಂದು ಬೆಳಗಿನಲ್ಲಿ ಶುದ್ಧಿಯಾಯಿತು. ಆ ಮಗುವಿಗೆ ಜನ್ಮವೆಲ್ಲ ಬೇಕೇ ಸ್ವಾಮಿ?"

ಪುರೋಹಿತರು ಕೊನೆಗೆ ಒಪ್ಪಿದರು. ಪಂಚಗವ್ಯ ತೆಗೆದುಕೊಂಡು ಪರೀಕ್ಷೆಗೆ ಕೂರಲಿ. ಆದರೆ ಪರೀಕ್ಷೆ ಮುಗಿಯುವವರೆಗೆ ಇಂಜಿನಿಯರ ಮಗಳ ಕೈಯಿಂದ ಏನೊಂದನ್ನೂ ಮುಟ್ಟಕೂಡದು, ನೀರನ್ನೂ ಕೂಡ.

"ನಾನೂ ಪಂಚಗವ್ಯ ತಗೋತೀನಿ," ಎಂದೆ.

"ನಿಮಗ್ಯಾಕಮ್ಮ?" ಎಂದರು. ಹದಿನಾರರ ಹುಡುಗಿಯನ್ನು ಅವರು ಬಹುವಚನದಲ್ಲಿ ಮಾತಾಡಿಸಿದರು. "ನಿಮ್ಮದು ದೊಡ್ಡ ಮನೆ. ಅಲ್ಲಿಗೆ ನಮ್ಮ ಶಾಸ್ತ್ರ ಹತ್ತುವುದಿಲ್ಲ." ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಗೆಳತಿ ಸ್ಕೂಲಿಗೆ ಬಂದಳು. ಬೇರೆ ಬೆಂಚಿನಲ್ಲಿ ಕೂತಳು. ಪರೀಕ್ಷೆಯ ಮೊದಲ ದಿನ ವೆರಾಂಡದಲ್ಲಿ ಅವಳ ಮಸಿಕುಡಿಕೆ ಉರುಳಿ ಬರಿದಾಯಿತು. ನಾನು ಥಟ್ಟನೆ ನನ್ನದನ್ನು ಚಾಚಿದೆ. ಅವಳು ಅದನ್ನೇ ನೋಡುತ್ತ ನಿಂತಳು, ಕೈ ಮಾತ್ರ ಏಳಲಿಲ್ಲ. ಹೊಳಲಿನವನು ಪಕ್ಕದಿಂದ ತನ್ನ ಕುಡಿಕೆ ಮುಂದೆ ಮಾಡಿದ.

"ತಕ್ಕೊ ಕಣಮ್ಮ. ಮಸಿಗೆ ಮೊಟ್ಟೆ ಆಕಿಲ್ಲ."

ಅವಳು ನಕ್ಕು ತೆಗೆದುಕೊಂಡಳು. ನಾನು ಕುಡಿಕೆಗೆ ಬಿರಡೆ ತಿರುಗಿಸಿ ಒಳಗೆ ಹೋದೆ.

ಕೊನೆಯ ಪೇಪರು ಮುಗಿದ ಮಧ್ಯಾಹ್ನ ಹುಡುಗರು ಸ್ಕೂಲಿನ ಗಿಡ್ಡ ಗೋಡೆಯ ಹತ್ತಿರ ಕಡಲೆಕಾಯಿ ಹಂಚುತ್ತಿದ್ದರು. ಮದ್ದೂರಿನವನು ನನ್ನ ಎರಡೂ ಕೈ ತುಂಬಿಸಿದ. ಗೇಟಿನ ಹೊರಗೆ ತಂದೆಯ ಕಾರು ನಿಂತಿತ್ತು. ಗೆಳತಿ ಎಲ್ಲರ ಎದುರಿಗೆ ನನ್ನ ಹತ್ತಿರ ಬಂದು ಅಂಗೈ ಒಡ್ಡಿದಳು.

"ಕೊಡೇ. ಪರೀಕ್ಷೆ ಮುಗೀತಲ್ಲ. ನಿನ್ನ ಕೈಯಿಂದಲೇ ಕೊಡು."

ನಾನು ಗೇಟಿನ ಕಡೆ ನೋಡಿದೆ. ಅವಳ ಮಾವ ಅಲ್ಲಿರಲಿಲ್ಲ. ಯಾರೂ ಇರಲಿಲ್ಲ. ಆದರೂ ರಿಸಲ್ಟ್ ಬರಬೇಕು, ಟ್ರೈನಿಂಗಿಗೆ ಕಳಿಸಬೇಕು, ಈಗ ಮತ್ತೆ ನನ್ನಿಂದ ಏನಾದರೂ ಆದರೆ ಎನ್ನಿಸಿತು. ಕಡಲೆಕಾಯನ್ನು ಅವಳ ಅಂಗೈಗೆ ಹಾಕಲಿಲ್ಲ. ಗೋಡೆಯ ಮೇಲೆ ಇಟ್ಟೆ. ಇಟ್ಟು ಒಂದು ಹೆಜ್ಜೆ ಹಿಂದೆ ಸರಿದೆ.

ನಮ್ಮ ಮನೆಯ ಹಿತ್ತಿಲಿಗೆ ಬರುವ ಕೆಲಸದವರಿಗೆ ಅಮ್ಮ ಹಾಗೆಯೇ ಇಟ್ಟು ಸರಿಯುತ್ತಿದ್ದರು. ಕೈ ಅದನ್ನು ಯಾವಾಗ ಕಲಿತಿತ್ತೋ.

ಅವಳು ಒಡ್ಡಿದ ಅಂಗೈಯನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದಳು. ಆಮೇಲೆ ಗೋಡೆಯ ಮೇಲಿಂದ ಒಂದೇ ಒಂದು ಕಡಲೆಕಾಯಿ ತೆಗೆದುಕೊಂಡು, ಸುಲಿದು, ಬಾಯಿಗೆ ಹಾಕಿಕೊಂಡಳು.

"ನಮ್ಮ ಮಾವನೇ ಗೆದ್ದರು ಬಿಡು," ಎಂದಳು.

ಅವಳು ಪಾಸಾದಳು, ಟ್ರೈನಿಂಗ್ ಮುಗಿಸಿದಳು, ಮಳವಳ್ಳಿಯ ಸ್ಕೂಲಿನಲ್ಲಿ ಮೇಡಂ ಆದಳು. ಇದೆಲ್ಲ ನನಗೆ ಬೇರೆಯವರು ಹೇಳಿ ತಿಳಿದದ್ದು. ಆ ಮಧ್ಯಾಹ್ನ ಡ್ರೈವರ್ ಹಾರನ್ ಹೊಡೆದ. ನಾನು "ಕಮಿಂಗ್" ಎಂದು ಕೂಗಿ ಹೋಗಿ ಕಾರಿನಲ್ಲಿ ಕೂತೆ. ಉಳಿದ ಕಡಲೆಕಾಯಿ ಗೋಡೆಯ ಮೇಲೆಯೇ ಇತ್ತು.