ಅಕ್ಕ ಕೊಟ್ಟ ಬಿಲ್ಲು

ನನ್ನ ಅಕ್ಕ ಮದುವೆಯಾಗಿ ಮುಂಬಯಿಗೆ ಬಂದವಳು. ಇಷ್ಟು ವರ್ಷಗಳಲ್ಲಿ ಹೊರಗೆ ತಿಂದ ಒಂದು ಊಟಕ್ಕೂ ದುಡ್ಡು ಕೊಟ್ಟವಳಲ್ಲ. ಜಿಪುಣತನವಲ್ಲ. ಬಾವನದು ಗ್ರಾಂಟ್ ರೋಡಿನಲ್ಲಿ ಹೋಟೆಲು. ನಮ್ಮ ಉಡುಪಿ ಕಡೆಯ ಹೋಟೆಲಿನವರಲ್ಲಿ ಒಬ್ಬರ ಮನೆಯವರಿಂದ ಇನ್ನೊಬ್ಬರು ಹಣ ತೆಗೆದುಕೊಳ್ಳುವ ಕ್ರಮವಿಲ್ಲ. ಕುರ್ಲಾದಲ್ಲಿ ಇಡ್ಲಿ ತಿಂದರೂ ಅಷ್ಟೇ, ಘಾಟ್ಕೋಪರಿನಲ್ಲಿ ಚಹಾ ಕುಡಿದರೂ ಅಷ್ಟೇ, ಗಲ್ಲಾದಲ್ಲಿ ಕುಳಿತವರು ಎದ್ದು ಕೈಮುಗಿಯುತ್ತಾರೆ. ಅಕ್ಕ ತೆರೆದ ಪರ್ಸನ್ನು ಹಾಗೆಯೇ ಮುಚ್ಚಬೇಕು.

ನಾನೂ ನನ್ನ ಹೆಂಡತಿಯೂ ಸಿಂಗಾಪುರಕ್ಕೆ ಹೊರಟಾಗ ಅವಳೂ ಬರುತ್ತೇನೆಂದಳು. "ಅಲ್ಲಿ ನನ್ನ ಗುರುತು ಯಾರಿಗುಂಟು? ನಿಮಗಿಬ್ಬರಿಗೂ ಒಂದು ಊಟ ಹಾಕಿಸಿ, ನಾನೇ ಬಿಲ್ಲು ಕೊಟ್ಟು ಗತ್ತಿನಲ್ಲಿ ಹೊರಗೆ ಬರಬೇಕು ಮಾರಾಯ."

ಅದಕ್ಕೊಂದು ಕಾರ್ಡು ಬೇಕಲ್ಲ. ನಾನೂ ಅಕ್ಕನೂ ಬ್ಯಾಂಕಿಗೆ ಹೋದೆವು. ಅಲ್ಲಿದ್ದ ಹುಡುಗಿ ನಮ್ಮ ಕಡೆಯವಳೇ, ಮಾತು ಅರ್ಧ ಹಿಂದಿ. "ಆಂಟಿ, ಇದು ಲೈಫ್‌ಟೈಮ್ ಫ್ರೀ. ಏರ್‌ಪೋರ್ಟ್ ಲೌಂಜ್ ಭೀ ಮಿಲೇಗಾ."

ಲೌಂಜ್ ಎಂದದ್ದೇ ನಾನು ಸೋತಿದ್ದೆ. ಅಕ್ಕ ಸೋಲಲಿಲ್ಲ. "ಫ್ರೀ ಚಟ್ನಿಯ ತೆಂಗಿನಕಾಯಿ ದುಡ್ಡು ಯಾವ ದೋಸೆಗೆ ಸೇರಿಸಿದ್ದೀರಿ, ಹೇಳು ಮಗಾ."

ಹುಡುಗಿ ನಕ್ಕು ನಿಜ ಹೇಳಿದಳು: ಹೊರದೇಶದಲ್ಲಿ ಕಾರ್ಡು ಉಜ್ಜಿದಾಗಲೆಲ್ಲ ವಿನಿಮಯ ದರದ ಮೇಲೆ ಬ್ಯಾಂಕಿನ ಪಾಲು ಬೀಳುತ್ತದೆ. ಮೊದಲೇ ಡಾಲರ್ ತುಂಬಿಡುವ ಇನ್ನೊಂದು ಕಾರ್ಡು ತೋರಿಸಿದಳು.

"ಉಳಿದದ್ದನ್ನು ವಾಪಸ್ ರೂಪಾಯಿ ಮಾಡುವಾಗ?"

"ಥೋಡಾ ಕಟ್ ಆಗ್ತದೆ ಆಂಟಿ."

ಕೊನೆಗೆ ಬಂದದ್ದು ಒಂದು ಸಾದಾ ಡೆಬಿಟ್ ಕಾರ್ಡು. ವರ್ಷಕ್ಕೊಂದು ಸಣ್ಣ ಫೀಸು, ಹೊರದೇಶದ ಖರ್ಚಿಗೆ ಬೇರೇನೂ ಇಲ್ಲ. ಲೌಂಜೂ ಇಲ್ಲ.

"ಇದೇ ಇರಲಿ. ಲೌಂಜಿನ ಬದಲು ಗೋಳಿಬಜೆ ಕಟ್ಟಿಕೊಂಡು ಹೋಗುವ," ಎಂದಳು ಅಕ್ಕ.

ಸಿಂಗಾಪುರದಲ್ಲಿ ಒಂದು ಸಸ್ಯಾಹಾರಿ ಹೋಟೆಲು ಹುಡುಕಿ ಕೂತೆವು. ಅಕ್ಕ ರಾಣಿಯ ಹಾಗೆ ಆರ್ಡರು ಕೊಟ್ಟಳು. ಎಲ್ಲ ಸರಿಯಾಗಿಯೇ ಇತ್ತು, ಸಾಂಬಾರು ಬರುವ ತನಕ. ಒಂದು ಚಮಚ ಬಾಯಿಗಿಟ್ಟವಳೇ, ಕೊತ್ತಂಬರಿ ಹುರಿದದ್ದು ಸಾಲದು ಎಂದು ನನ್ನ ಹೆಂಡತಿಗೆ ತುಳುವಿನಲ್ಲಿ ಹೇಳಿಬಿಟ್ಟಳು. ಹೋಟೆಲಿನ ಬಾಯಿ ಸುಮ್ಮನಿರುತ್ತದೆಯೇ!

ತುಳು ಕಿವಿಗೆ ಬಿದ್ದದ್ದೇ ಗಲ್ಲಾದಲ್ಲಿದ್ದ ಯಜಮಾನರು ಓಡಿಬಂದರು. "ಯಾವ ಊರಕ್ಕಾ ನಿಮ್ಮದು?"

"ಉಡುಪಿ ಹತ್ತಿರ. ಮುಂಬಯಿಯಲ್ಲಿ ಹೋಟೆಲು..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ಹೋಟೆಲಿನವರಾ! ಹಾಗಾದ್ರೆ ನಿಮಗೆ ಬಿಲ್ಲು ಎಂತದ್ದು?"

ಅಕ್ಕನ ಮುಖ ಸಪ್ಪಗಾಯಿತು. ಒಂದೇ ಕ್ಷಣ. ಮರುಕ್ಷಣ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಣ್ಣಾ, ಕಾರ್ಡು ತಗೊಳ್ಳಿ. ಇಲ್ಲದಿದ್ರೆ ನಾನು ಒಳಗೆ ಹೋಗಿ ಸಾಂಬಾರು ಮಾಡಿಟ್ಟೇ ಹೋಗುವುದು."

"ಅಯ್ಯೋ ಬೇಡ! ನಮ್ಮ ಅಡುಗೆಭಟ್ಟ ಓಡಿಹೋದಾನು!" ಅವರು ನಗುತ್ತ ಮಷಿನ್ ತಂದರು. ರೂಪಾಯಿಯೋ ಡಾಲರೋ ಎಂದು ಅದು ಕೇಳಿತು. ನಮ್ಮ ರೂಪಾಯಿಯೇ ಇರಲಿ ಎಂದು ಅಕ್ಕ ಬೆರಳು ಚಾಚಿದಾಗ ಅವರೇ ತಡೆದರು. "ಡಾಲರ್ ಒತ್ತಿ ಅಕ್ಕಾ. ರೂಪಾಯಿ ಒತ್ತಿದ್ರೆ ಮಷಿನಿನವರು ಅವರದೇ ದುಬಾರಿ ರೇಟು ಹಾಕ್ತಾರೆ."

ಅಕ್ಕ ಡಾಲರ್ ಒತ್ತಿದಳು. ನನಗೂ ಕಾಣದ ಹಾಗೆ ಕೈ ಮರೆಮಾಡಿ ಪಿನ್ ಒತ್ತಿದಳು. ಚೀಟಿ ಹೊರಬಂತು.

ಬೀದಿಗಿಳಿದವಳ ನಡಿಗೆಯೇ ಬೇರೆ. ನಾವಿಬ್ಬರೂ ಹಿಂದೆ ಹಿಂದೆ. ಮೂಲೆ ತಿರುಗುವಾಗ ನಿಂತು ಹೇಳಿದಳು: "ನಾಳೆ ಚೀನಾದವರ ಹೋಟೆಲಿಗೆ ಹೋಗುವ. ಅನ್ನ, ಸೊಪ್ಪು ಸಿಕ್ಕಿದರೆ ಸಾಕು. ಅವರು ಜಗಳ ಮಾಡದೆ ದುಡ್ಡು ತಗೊಳ್ತಾರೆ."