ಹವಾ ಹಿಡಿದ ಹೆಣ್ಣು ಜಿಂಕೆ

ಶುಕ್ರವಾರ ಜುಮಾ ನಮಾಜು ಮುಗಿದ ಅರ್ಧ ಗಂಟೆಗೆ ಅದ್ರಾಮಾಕ ಗಾಡಿ ತಂದು ನಮ್ಮ ಆಸ್ಪತ್ರೆಯ ಮುಂದೆ ನಿಲ್ಲಿಸಿದರು. ಆಸ್ಪತ್ರೆ ಎಂದರೆ ಪ್ರಾಣಿಗಳದ್ದು. ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಒಂದು ವಿಲ್ಲಾದೊಳಗೆ ಇದೆ. ಹನ್ನೊಂದು ವರ್ಷದಿಂದ ನಾನು ಅಲ್ಲಿ ಡಾಕ್ಟರ ಸಹಾಯಕ. ಬ್ಯಾಂಡೇಜು ಕಟ್ಟುವುದು, ಇಂಜೆಕ್ಷನ್ನು ಕೊಡುವುದು, ಕಚ್ಚಲು ಬರುವ ಬೆಕ್ಕನ್ನು ಟವಲಿನಲ್ಲಿ ಸುತ್ತಿ ಹಿಡಿಯುವುದು ನನ್ನ ಕೆಲಸ. ವಾರದ ದಿನಗಳಲ್ಲಿ ಅಲ್ಲೇ ಹತ್ತಿರ, ಹಲವರು ಹಂಚಿಕೊಂಡ ಕೋಣೆಯ ಒಂದು ಬೆಡ್ ಸ್ಪೇಸಿನಲ್ಲಿರುತ್ತೇನೆ. ಹೆಂಡತಿ ಮಗಳು ಇರುವುದು ದುಬೈಯ ಅಲ್ ಮುರಕ್ಕಬಾತ್‌ನಲ್ಲಿ. ಆ ವಾರ ನೇರ ಮನೆಗೆ ಹೋಗುವ ಬದಲು ನಾನು ಜಿಂಕೆ ಬೇಟೆಗೆ ಹೊರಟಿದ್ದೆ.

ಕಟಪಾಡಿಯವನಾದ ನನಗೂ ಬೇಟೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಹವಾಳದು. ಹವಾ ಆರು ವರ್ಷದ ಸಲೂಕಿ ನಾಯಿ. ಕಡ್ಡಿಯಂಥ ಕಾಲು, ಉದ್ದ ಮೂತಿ, ರೇಷ್ಮೆ ಕೂದಲ ಕಿವಿ. ಮೂರು ವಾರದ ಹಿಂದೆ ಗಾಜು ಹೊಕ್ಕು ಅವಳ ಮುಂಗಾಲಿನ ಅಡಿ ಸೀಳಿತ್ತು. ಡಾಕ್ಟರಮ್ಮ ಹೊಲಿಗೆ ಹಾಕಿದ್ದರು, ದಿನ ಬಿಟ್ಟು ದಿನ ನಾನು ಡ್ರೆಸ್ಸಿಂಗ್ ಮಾಡಿದ್ದೆ. ಅವಳ ಯಜಮಾನರು ಅಬು ಸಯೀದ್, ಎಪ್ಪತ್ತು ದಾಟಿದ ಎಮಿರಾತಿ. ಕಳೆದ ವರ್ಷ ಅವರಿಗೆ ಹೃದಯದ ಆಪರೇಷನ್ ಆಗಿತ್ತು. ಮಕ್ಕಳು ಈ ಚಳಿಗಾಲ ಒಂದೇ ಒಂದು ಬೇಟೆಗೆ ಒಪ್ಪಿದ್ದರು. ಡಾಕ್ಟರಮ್ಮನೂ ಅರ್ಧ ಒಪ್ಪಿದ್ದರು: "ಓಡಿಸುವ ಮೊದಲು ಜಯಕರ ಅವಳ ಕಾಲು ನೋಡಲಿ. ಅವನು ಹೂಂ ಅಂದರೆ ಮಾತ್ರ."

ಜಯಕರ ಎಂದರೆ ನಾನು. ಹಾಗೆ ಹೊರಟೆ.

ಅದ್ರಾಮಾಕ ಬಿ.ಸಿ. ರೋಡ್ ಕಡೆಯ ಬ್ಯಾರಿ. ಇಪ್ಪತ್ತಾರು ವರ್ಷದಿಂದ ಅಬು ಸಯೀದರ ಮನೆಯ ಡ್ರೈವರ್. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಮುಂದಿನ ಸೀಟಿನಲ್ಲಿ ಅರ್ಬಾಬ್ ಕೂತಿದ್ದರು. ಅದ್ರಾಮಾಕ ಯಜಮಾನರನ್ನು ಕರೆಯುವುದೇ ಹಾಗೆ. ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿ ಹವಾಳನ್ನೂ ಎರಡು ವರ್ಷದ ಗಂಡು ನಾಯಿ ಬರ್ಕನನ್ನೂ ಮಲಗಿಸಿದ್ದರು. ಉಳಿದ ಒಂದು ಗೇಣು ಜಾಗ ನನ್ನದು.

"ಹುಷಾರು ಮಾರಾಯ, ನಾಯಿಗೆ ಇಕ್ಕಟ್ಟಾದೀತು," ಎಂದರು ಅದ್ರಾಮಾಕ. ನನ್ನ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು.

ಮುಸಫಾ ದಾಟಿ ಪಶ್ಚಿಮಕ್ಕೆ ಸುಮಾರು ನೂರಮೂವತ್ತು ಕಿಲೋಮೀಟರ್. ಜನವರಿಯ ಹಿತವಾದ ಬಿಸಿಲು, ಇಪ್ಪತ್ತಮೂರು ಡಿಗ್ರಿ. ಒಂದು ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ ಮಲಯಾಳಿಯ ಕೆಫೆಟೇರಿಯಾದಿಂದ ಕಡಕ್ ಚಾಯ್, ಮೊಟ್ಟೆ ಪರಾಠ ತರಿಸಿದೆವು. ಅಬು ಸಯೀದ್ ಸಕ್ಕರೆಯಿಲ್ಲದ ಚಹಾವನ್ನು ಒಂದು ಗುಟುಕು ಕುಡಿದು ಮುಖ ಸಿಂಡರಿಸಿ ಲೋಟವನ್ನು ಅದ್ರಾಮಾಕರ ಕೈಗಿತ್ತರು. ಆಮೇಲೆ ನನ್ನ ಕಡೆ ತಿರುಗಿ, ಹಿಂದಿಯಲ್ಲಿ ಅರಬ್ಬಿ ಬೆರೆಸಿ ಕೇಳಿದರು: "ಡಾಕ್ಟರ್, ನಾಳೆ ಓಡುತ್ತಾಳಲ್ಲ?"

ನಾನು ಡಾಕ್ಟರಲ್ಲ ಎಂದು ಅವರಿಗೆ ಹತ್ತು ಸಲ ಹೇಳಿದ್ದೆ. "ಬೆಳಿಗ್ಗೆ ನೋಡಿ ಹೇಳ್ತೇನೆ ಬಾಬಾ," ಎಂದೆ.

ಈ ದೇಶದಲ್ಲಿ ಕಂಡಕಂಡಲ್ಲಿ ಬೇಟೆಯಾಡುವಂತಿಲ್ಲ. ಅದಕ್ಕೆಂದೇ ಬೇಲಿ ಹಾಕಿ ಕಾಯ್ದಿಟ್ಟ ಮರಳುಗಾಡು ಇದೆ. ಪರವಾನಗಿ ಪಡೆದು, ಅವರದೇ ಮಾರ್ಗದರ್ಶಿಯ ಜೊತೆ ಹೋಗಬೇಕು. ಅಲ್ಲಿ ಬಂದೂಕು ಇಲ್ಲ. ಗಿಡುಗ, ಇಲ್ಲವೇ ಸಲೂಕಿ. ಸಂಜೆ ಐದಕ್ಕೆ ನಾವು ಮುಟ್ಟಿದಾಗ ಮಾರ್ಗದರ್ಶಿ ನೂರ್ ಗೇಟಿನಲ್ಲೇ ಕಾಯುತ್ತಿದ್ದ. ನಲವತ್ತರ ಆಸುಪಾಸಿನ ಬಲೂಚಿ, ಮಾತು ಕಡಿಮೆ. ಡೇರೆ ತೋರಿಸಿ ನಿಯಮ ಹೇಳಿದ: "ಒಂದೇ ಜಿಂಕೆ. ಗಂಡು ಮಾತ್ರ. ಕೊಂಬು ದಪ್ಪ ಇರುವುದು ಗಂಡು, ತೆಳ್ಳಗಿರುವುದು ಹೆಣ್ಣು. ಹೆಣ್ಣಿನ ತಂಟೆಗೆ ಹೋಗಬಾರದು. ಈಗ ಹಲವು ಗಬ್ಬವಾಗಿವೆ."

ಅಬು ಸಯೀದ್ ನಕ್ಕರು. "ನೀನು ಹುಟ್ಟುವ ಮೊದಲೇ ನನಗೆ ಇದು ಗೊತ್ತು, ಮಗೂ."

ಶನಿವಾರ ಬೆಳಿಗ್ಗೆ ಎದ್ದರೆ ಹೊರಗೆ ಏನೂ ಕಾಣದಷ್ಟು ಮಂಜು. ಡೇರೆಯ ಬಟ್ಟೆ ಒದ್ದೆಯಾಗಿ ಹನಿ ಇಳಿಯುತ್ತಿತ್ತು. ಮಂಜು ಕರಗುವವರೆಗೆ ಬೇಟೆ ಇಲ್ಲ ಎಂದು ನೂರ್ ಹೇಳಿದ್ದರಿಂದ ಖರ್ಜೂರ, ಅರಬ್ಬಿ ಕಾಫಿ ಗಾವಾ ಇಟ್ಟುಕೊಂಡು ಕೂತೆವು. ಅಬು ಸಯೀದ್ ತಮ್ಮ ತಂದೆ ಒಂಟೆಯ ಮೇಲೆ ಸಲೂಕಿಯನ್ನು ಕೂರಿಸಿಕೊಂಡು ಹೋಗುತ್ತಿದ್ದುದನ್ನು ಹೇಳಿದರು. ಆಗ ನಾಯಿ ಹಿಡಿದರೆ ಮನೆಯಲ್ಲಿ ಮಾಂಸ, ಇಲ್ಲದಿದ್ದರೆ ಖರ್ಜೂರ ಮತ್ತು ಒಂಟೆ ಹಾಲು. "ನಾಯಿ ನಮ್ಮ ಜೊತೆ ಡೇರೆಯೊಳಗೆ ಮಲಗುತ್ತಿತ್ತು. ಅದನ್ನು ನಾವು ನಾಯಿ ಎನ್ನುತ್ತಿರಲಿಲ್ಲ, ಸಲೂಕಿ ಎನ್ನುತ್ತಿದ್ದೆವು," ಎಂದರು.

ಅವರು ಮಾತಾಡುತ್ತಿದ್ದಾಗಲೇ ನಾನು ಹವಾಳ ಕಾಲು ಬಿಚ್ಚಿ ನೋಡಿದೆ. ಗಾಯ ಕೂಡಿತ್ತು. ಆದರೆ ಅಂಚಿನಲ್ಲಿ ಒಂದು ಕಡೆ ಚರ್ಮ ಇನ್ನೂ ಗುಲಾಬಿ ಬಣ್ಣ, ಮೆತ್ತಗೆ. ಒತ್ತಿದಾಗ ಅವಳು ಕಾಲು ಎಳೆದುಕೊಳ್ಳಲಿಲ್ಲ, ಕಿವಿ ಮಾತ್ರ ಹಿಂದಕ್ಕೆ ಮಾಡಿದಳು. ಇನ್ನೊಂದು ವಾರ ಬೇಕಿತ್ತು. ನನಗೆ ಅದು ಸರಿಯಾಗಿಯೇ ಗೊತ್ತಾಯಿತು. ತಲೆಯೆತ್ತಿದರೆ ಅಬು ಸಯೀದ್ ನನ್ನ ಮುಖವನ್ನೇ ನೋಡುತ್ತಿದ್ದರು.

"ಓಡಬಹುದು," ಎಂದೆ. "ಸ್ವಲ್ಪ ಹೊತ್ತು."

ಒಂಬತ್ತೂವರೆಗೆ ಬಿಸಿಲು ಬಂತು. ನೂರ್‌ನ ತೆರೆದ ಜೀಪಿನಲ್ಲಿ ಹೊರಟು ಎರಡು ಮರಳ ದಿಬ್ಬ ಹತ್ತಿಳಿದ ಮೇಲೆ, ಗಾಫ್ ಮರಗಳ ನೆರಳಲ್ಲಿ ಒಂದು ಗಂಡು ಜಿಂಕೆ ಕಂಡಿತು. ನಮ್ಮ ಊರಿನ ಚುಕ್ಕೆ ಜಿಂಕೆಯ ಅರ್ಧ ಗಾತ್ರ, ಮರಳಿನದೇ ಬಣ್ಣ, ಹೊಟ್ಟೆ ಬೆಳ್ಳಗೆ. ಅಬು ಸಯೀದ್ ಇಳಿದು ಎರಡೂ ನಾಯಿಗಳ ಪಟ್ಟಿ ಹಿಡಿದು ನಿಂತರು. ಬೆನ್ನು ನೆಟ್ಟಗಿತ್ತು. "ಬಿಸ್ಮಿಲ್ಲಾ" ಎಂದು ಬಿಟ್ಟರು.

ಅಂಥ ಓಟವನ್ನು ನಾನು ಕಂಡಿರಲಿಲ್ಲ. ಆಸ್ಪತ್ರೆಯ ಮೇಜಿನ ಮೇಲೆ ಮುದುಡಿ ಮಲಗುತ್ತಿದ್ದ ಹವಾ, ನಾಲ್ಕೂ ಕಾಲು ನೆಲ ಬಿಟ್ಟು, ಬಾಗಿ, ನೀಳವಾಗಿ, ಮತ್ತೆ ಬಾಗಿ ಹಾರುತ್ತಿದ್ದಳು. ಅದ್ರಾಮಾಕ ಜೀಪಿನ ಕಂಬಿ ಹಿಡಿದು "ಯಲ್ಲಾ, ಯಲ್ಲಾ!" ಎಂದು ಕೂಗುತ್ತಿದ್ದರು. ನಾನೂ ಕೂಗಿದೆ. ಜಿಂಕೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ದಿಬ್ಬ ಹತ್ತಿ ಆಚೆ ಮರೆಯಾಯಿತು. ಬರ್ಕ್ ಅದರ ಹಿಂದೆಯೇ ಹೋದ. ಹವಾ ಏನನ್ನು ಕಂಡಳೋ, ತಟ್ಟನೆ ಬೇರೆ ಕಡೆ ತಿರುಗಿ ಪೊದೆಗಳಾಚೆ ಇಳಿದುಬಿಟ್ಟಳು.

ಐದು ನಿಮಿಷದಲ್ಲಿ ಬರ್ಕ್ ನಾಲಿಗೆ ಜೋತು ಹಾಕಿಕೊಂಡು ಏನೂ ಹಿಡಿಯದೆ ಬಂದ. ಹವಾ ಬರಲಿಲ್ಲ. ಅಬು ಸಯೀದ್ ಕರೆದರು, ನೂರ್ ಶಿಳ್ಳೆ ಹಾಕಿದ. ಕೊನೆಗೆ ಅವಳ ಹೆಜ್ಜೆ ಹಿಡಿದು ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಪ್ರತಿ ನಾಲ್ಕನೆಯ ಹೆಜ್ಜೆಯಲ್ಲೂ ಒಂದು ಕೆಂಪು ಚುಕ್ಕೆ.

ತಗ್ಗಿನಲ್ಲಿ ಸಿಕ್ಕಿದಳು. ಒಂದು ಜಿಂಕೆಯನ್ನು ಕೆಡವಿ, ಕುತ್ತಿಗೆಯನ್ನು ಅದುಮಿ ಹಿಡಿದು, ನಮ್ಮ ದಾರಿ ಕಾಯುತ್ತಿದ್ದಳು. ಜಿಂಕೆ ಜೀವಂತವಾಗಿತ್ತು. ತೊಡೆ ಹರಿದು ರಕ್ತ ಮರಳಿಗೆ ಇಂಗುತ್ತಿತ್ತು. ಕೊಂಬು ತೆಳ್ಳಗೆ. ಹೊಟ್ಟೆ ದುಂಡಗೆ.

ನೂರ್ ತಲೆ ಹಿಡಿದುಕೊಂಡ. "ಹೆಣ್ಣು. ಅದೂ ತುಂಬಿದ್ದು." ಆಮೇಲೆ ಸೊಂಟದ ಚೂರಿಗೆ ಕೈ ಹಾಕಿ ಮೆಲ್ಲಗೆ ಹೇಳಿದ: "ಖಲಾಸ್ ಬಾಬಾ. ಇದು ಉಳಿಯುವುದಿಲ್ಲ. ಹಲಾಲ್ ಮಾಡಿಬಿಡೋಣ, ನೋವಾದರೂ ತಪ್ಪುತ್ತದೆ."

ಅಬು ಸಯೀದ್ ಹವಾಳನ್ನು ಬಿಡಿಸಿ ಅದ್ರಾಮಾಕರ ಕೈಗೆ ಕೊಟ್ಟು ನನ್ನನ್ನು ಕೇಳಿದರು: "ಡಾಕ್ಟರ್, ಬದುಕುತ್ತದಾ?"

"ಗೊತ್ತಿಲ್ಲ ಬಾಬಾ. ನಿಜವಾಗಿಯೂ ಗೊತ್ತಿಲ್ಲ."

"ಸಾಯುತ್ತದೆ ಅಂತಲೂ ಗೊತ್ತಿಲ್ಲ ತಾನೆ? ಹಾಗಾದರೆ ಕೂರು."

ನಾನು ಕೂತೆ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಸಿಗ್ನಲ್ ಇತ್ತು. ಅವರು ಬೈಯಲಿಲ್ಲ. "ಹೊಲಿಯಲು ಹೋಗಬೇಡ. ಮೊದಲು ಕಣ್ಣು ಕಟ್ಟು, ಗಾಬರಿಗೇ ಅದರ ಎದೆ ನಿಂತುಹೋದೀತು. ಮಾತಾಡಬೇಡಿ. ರಕ್ತ ನಿಲ್ಲುವವರೆಗೆ ಒತ್ತಿ ಹಿಡಿ, ಬಿಗಿಯಾಗಿ ಕಟ್ಟು, ನೆರಳಿಗೆ ಒಯ್ಯಿ," ಎಂದರು. ಅಬು ಸಯೀದ್ ತಮ್ಮ ತಲೆವಸ್ತ್ರ ಗುತ್ರಾ ಬಿಚ್ಚಿ ಜಿಂಕೆಯ ಕಣ್ಣಿಗೆ ಸುತ್ತಿದರು. ಬಿಳಿ ಕೂದಲು ಕೆದರಿದ ಅವರ ಬರಿದಲೆಯನ್ನು ಅದೇ ಮೊದಲು ನೋಡಿದೆ. ನಾಯಿಗೆಂದು ತಂದಿದ್ದ ಹತ್ತಿ, ಬ್ಯಾಂಡೇಜು ಎಲ್ಲ ಮುಗಿಯಿತು. ನನ್ನ ಅಂಗೈ ಕೆಳಗೆ ಅದರ ತೊಡೆ ಅದುರುತ್ತಿತ್ತು, ಆಮೇಲೆ ಅದುರುವುದು ಕಡಿಮೆಯಾಯಿತು. ಸಾಯುತ್ತಿದೆ ಎಂದುಕೊಂಡೆ. ಉಸಿರು ಮಾತ್ರ ಬರುತ್ತಲೇ ಇತ್ತು.

ಅದನ್ನು ಜೀಪಿಗೆ ಎತ್ತಿದೆವು. ತಲೆ ಅಬು ಸಯೀದರ ಮಡಿಲಲ್ಲಿ. ದಾರಿಯಲ್ಲಿ ತಡೆಯಲಾಗಲಿಲ್ಲ, ಹೇಳಿಯೇಬಿಟ್ಟೆ: "ತಪ್ಪು ನನ್ನದು ಬಾಬಾ. ಕಾಲು ಪೂರ್ತಿ ಗುಣವಾಗಿರಲಿಲ್ಲ. ಗೊತ್ತಿದ್ದೂ ಓಡಬಹುದು ಅಂದೆ."

ಅವರು ಜಿಂಕೆಯ ಕಿವಿಯ ಹತ್ತಿರ ಬೆರಳಿಟ್ಟು ತಣ್ಣಗಿನ ದನಿಯಲ್ಲಿ ಹೇಳಿದರು: "ನನಗೂ ಗೊತ್ತಿತ್ತು. ಅವಳ ಕಿವಿ ನೋಡಿದ್ದೆ. ನೀನು ಇಲ್ಲ ಅನ್ನಬಾರದು ಅಂತಲೇ ನಿನ್ನ ಮುಖ ನೋಡುತ್ತಾ ಕೂತಿದ್ದೆ." ಮತ್ತೆ ನೂರ್‌ಗೆ ಹೇಳಿದರು: "ಆಫೀಸಿಗೆ ಬರೆಯುವಾಗ ನನ್ನ ಹೆಸರು ಬರೆ. ನಾಯಿ ನನ್ನದು."

ಡೇರೆಗಳ ಹಿಂದೆ ನೆರಳು ಬಲೆ ಹಾಕಿದ ಒಂದು ದೊಡ್ಡಿ ಇತ್ತು. ಅಲ್ಲಿ ಮಲಗಿಸಿದೆವು. ಮಧ್ಯಾಹ್ನ ಅಲ್ಲಿಯ ಡಾಕ್ಟರರು ಬಂದು ಹೊಲಿಗೆ ಹಾಕಿದರು. ಎಲುಬು ಮುರಿದಿಲ್ಲ, ಆದರೆ ಬೆಳಗಿನವರೆಗೆ ಏನೂ ಹೇಳಲಾಗದು ಎಂದರು. ಹವಾಳ ಅಂಗಾಲು ಹಳೆಯ ಜಾಗದಲ್ಲೇ ಬಿಚ್ಚಿಕೊಂಡಿತ್ತು. ನಾನು ತೊಳೆದು ಕಟ್ಟುವಾಗ ಅವಳು ನನ್ನ ಕೈ ನೆಕ್ಕಿದಳು. ಅವಳ ಪಾಲಿಗೆ ಅವಳು ಮಾಡಿದ್ದು ಸರಿಯಾದ ಕೆಲಸವೇ.

ಬೇಟೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಸಂಜೆಯ ಅಸರ್ ನಮಾಜಿನ ಬಳಿಕ ನೂರ್ ಬಂದು, ಗಂಡು ಜಿಂಕೆಯ ಅನುಮತಿ ಇನ್ನೂ ಇದೆ, ಬರ್ಕ್‌ನನ್ನು ಮಾತ್ರ ಬಿಡಬಹುದು ಎಂದ. ಅಬು ಸಯೀದ್ ದೊಡ್ಡಿಯ ತನಕ ಹೋಗಿ ನೋಡಿ ಬಂದು ಕೂತರು. ಕೊನೆಗೆ ಎದ್ದರು. ನಾನೂ ಹೋದೆ, ಯಾಕೆ ಹೋದೆನೋ. ಈ ಸಲ ಎರಡೇ ನಿಮಿಷ. ಬರ್ಕ್ ಬಯಲಿನಲ್ಲೇ ಹಿಂದಿನಿಂದ ಹಾರಿ ಕೆಡವಿದ. ಅಬು ಸಯೀದ್ ಏದುಸಿರು ಬಿಡುತ್ತಾ ನಡೆದು ಹೋಗಿ ತಮ್ಮ ಕೈಯಾರೆ ಚೂರಿ ಹಾಕಿದರು. ಒಂದೇ ಸಲಕ್ಕೆ ಮುಗಿಯಿತು. ಎದ್ದು ನಿಂತವರ ಕಣ್ಣಲ್ಲಿ ನೀರಿತ್ತು. ಸಂತೋಷಕ್ಕೋ, ಇನ್ನು ಬರಲಾಗದು ಎಂದೋ, ನಾನು ಕೇಳಲಿಲ್ಲ.

ಸೂರ್ಯ ಮುಳುಗಿ ಮಗ್ರಿಬ್ ನಮಾಜು ಆದ ಮೇಲೆ ಅದ್ರಾಮಾಕ ಅಡುಗೆಗೆ ಕೂತರು. ಅಕ್ಕಿ, ಒಣ ನಿಂಬೆ, ಈರುಳ್ಳಿ, ಮತ್ತೆ ತಮ್ಮ ಬ್ಯಾಗಿನಿಂದ ಗುಟ್ಟಾಗಿ ತೆಗೆದ ಊರಿನ ಮೆಣಸಿನ ಪುಡಿ. "ಅರಬ್ಬಿಗಳಿಗೆ ಖಾರ ಹಾಕಬಾರದು, ನಮಗಿಬ್ಬರಿಗೆ ಬೇರೆ ಉಂಟು," ಎಂದರು. ನಾನು ತಿನ್ನುತ್ತೇನೋ ಇಲ್ಲವೋ ಎಂದು ನನಗೇ ಗೊತ್ತಿರಲಿಲ್ಲ. ತಟ್ಟೆ ಮುಂದೆ ಬಂತು. ತಿಂದೆ. ಮಾಂಸ ಮೃದುವಾಗಿತ್ತು, ರುಚಿಯಾಗಿತ್ತು. ಊಟದ ನಡುವೆ ಎರಡು ಸಲ ಎದ್ದು ಹೋಗಿ ದೊಡ್ಡಿಯಲ್ಲಿ ಉಸಿರಾಟ ನೋಡಿ ಬಂದೆ. ಬಂದು ಮತ್ತೆ ಅದೇ ತಟ್ಟೆಗೆ ಕೈ ಹಾಕಿದೆ. ಅಬು ಸಯೀದರಿಗೆ ಪಥ್ಯ. ಒಂದೇ ಒಂದು ತುಂಡು ತಿಂದು, "ಅಲ್ ಹಮ್ದುಲಿಲ್ಲಾ" ಎಂದು ಕೈ ತೊಳೆದರು.

ಭಾನುವಾರ ಬೆಳಿಗ್ಗೆ ನಾನು ಎದ್ದು ಹೋಗುವ ಮೊದಲೇ ಅವರು ದೊಡ್ಡಿಯ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೆರಳು ತುಟಿಗಿಟ್ಟು ಒಳಗೆ ತೋರಿಸಿದರು. ಜಿಂಕೆ ಮೂರು ಕಾಲಿನ ಮೇಲೆ ನಿಂತಿತ್ತು. ಕುದುರೆಮಸಾಲೆ ಮೇವಿನ ಕಟ್ಟು ಒಂದು ಬದಿಯಲ್ಲಿ ಕಡಿದಂತಿತ್ತು. ನೋಡುತ್ತಿದ್ದ ಹಾಗೆ ಅದರ ಪಕ್ಕೆಯಲ್ಲಿ ಒಂದು ಉಬ್ಬು ಎದ್ದು ಅಡಗಿತು.

"ಕಂಡಿತಾ?" ಎಂದರು ಪಿಸುದನಿಯಲ್ಲಿ.

"ಕಂಡಿತು ಬಾಬಾ."

ನೂರ್ ಬಂದು ನಮ್ಮಿಬ್ಬರನ್ನೂ ಅಲ್ಲಿಂದ ಎಬ್ಬಿಸಿದ. "ನೀವು ಇರುವಷ್ಟು ಹೊತ್ತು ಅದು ತಿನ್ನುವುದಿಲ್ಲ. ಹೊರಡಿ." ಕಾಲು ಉಳಿದರೂ ಕುಂಟು ಉಳಿಯುತ್ತದೆ, ಇನ್ನು ಬೇಟೆಯ ಬಯಲಿಗೆ ಬಿಡುವುದಿಲ್ಲ, ಒಳಗಿನ ಬೇಲಿಯಲ್ಲೇ ಇಟ್ಟುಕೊಳ್ಳುತ್ತೇವೆ ಎಂದ. ಗಾಡಿ ಗೇಟು ದಾಟುವಾಗ ಅಬು ಸಯೀದ್ ಕಿಟಕಿ ಇಳಿಸಿ ದೊಡ್ಡಿಯ ನೆರಳು ಬಲೆ ಕಾಣುವವರೆಗೂ ಕತ್ತು ತಿರುಗಿಸಿ ನೋಡಿದರು. ಆಮೇಲೆ ಮುಸಫಾವರೆಗೆ ನಿದ್ದೆ ಮಾಡಿದರು.

ಬಸ್ ಸ್ಟ್ಯಾಂಡಿನಲ್ಲಿ ಅದ್ರಾಮಾಕ ನನ್ನ ಕೈಗೆ ಐಸ್ ಹಾಕಿದ ಮಾಂಸದ ಡಬ್ಬಿ ಕೊಟ್ಟರು. "ಅರ್ಬಾಬ್ ಕೊಟ್ಟದ್ದು. ಬೇಡ ಅನ್ನಬೇಡ, ಬೇಜಾರಾಗ್ತದೆ." ಇಪ್ಪತ್ತೈದು ದಿರ್ಹಮಿನ ಬಸ್ಸಿನಲ್ಲಿ ಎರಡು ಗಂಟೆ ಅದನ್ನು ಮಡಿಲಲ್ಲಿಟ್ಟುಕೊಂಡು ದುಬೈಗೆ ಬಂದೆ.

ಮಧ್ಯಾಹ್ನ ಮನೆಯಲ್ಲಿ ಚಪ್ಪಲಿ ಬಿಡುವುದರೊಳಗೆ ಮಗಳು ಓಡಿ ಬಂದಳು. ಅವಳಿಗೆ ಒಂಬತ್ತು ವರ್ಷ. ನಾನು ಎಲ್ಲ ಕಥೆ ಹೇಳಿದೆ: ಮಂಜು, ಓಟ, ಗುತ್ರಾ ಕಟ್ಟಿದ ಕಣ್ಣು, ಪಕ್ಕೆಯಲ್ಲಿ ಎದ್ದ ಉಬ್ಬು. ಅವಳು ಬಾಯಿ ತೆರೆದು ಕೇಳಿದಳು. ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದಳು.

"ಡ್ಯಾಡಿ, ಈಸ್ ದಟ್ ಹರ್?" ಎಂದಳು ಮಗಳು.

"ಅಲ್ಲ ಮಗಾ. ಅದು ನಿಂತಿದೆ. ಇದು ಇನ್ನೊಂದು."

"ಇನ್ನೊಂದು ಎಂತ ಮಾಡಿತ್ತು?"

ಅವಳು ಕನ್ನಡದಲ್ಲಿ ಕೇಳಿದ್ದೇ ಅಪರೂಪ. ಏನೂ ಮಾಡಿರಲಿಲ್ಲ ಎಂದೆ. ಹೆಂಡತಿ ಮುಚ್ಚಳ ಬದಿಗಿಟ್ಟಳು. ಆಮೇಲೆ ನೀರು ಬಿಟ್ಟು ತುಂಡುಗಳನ್ನು ತೊಳೆಯತೊಡಗಿದಳು, ಎಂದಿಗಿಂತ ನಿಧಾನವಾಗಿ, ಒಂದೊಂದಾಗಿ.